ಬಾಗಿಲಿಗೆ ಬಾರದವರ ಪಾಲು

ಹಾಸಿಗೆ ಅಂಗಡಿಯ ಮುಂದೆ ಅಂದು ಕಾಲಿಡಲು ಜಾಗವಿರಲಿಲ್ಲ. ಬಾಗಿಲು ತೆಗೆಯುವ ಮೊದಲೇ ಜನ ಸಾಲು ಹಿಡಿದಿದ್ದರು. ಸಾಲು ಅನ್ನುವುದು ಬಾಯಿಮಾತಿಗೆ. ಮೊಣಕೈ ಗಟ್ಟಿಯಿದ್ದವರು ಮುಂದೆ, ಮೊಣಕಾಲು ನೋಯುವವರು ಹಿಂದೆ. ಒಬ್ಬ ತಾನೂ ನಿಂತು, ತಮ್ಮನನ್ನೂ ನಿಲ್ಲಿಸಿ, ಭಾವಮೈದುನನನ್ನೂ ಎಳೆದು ತಂದಿದ್ದ. ಊರುಗೋಲಿನ ಅಜ್ಜಿಯೊಬ್ಬಳು ತಳ್ಳಾಟ ತಾಳಲಾರದೆ ಎದುರಿನ ಕಟ್ಟೆಯ ಮೇಲೆ ಕೂತು, "ಇವತ್ತು ನನ್ನ ಪಾಲಿಗೆ ಬಿಸಿಲೇ ಗತಿ" ಎಂದು ಗೊಣಗುತ್ತಿದ್ದಳು.

ಅದು ಅಂಗಡಿಯ ಯಜಮಾನ ಝಕಾತ್ ಕೊಡುವ ದಿನ. ಗೊತ್ತಿಲ್ಲದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಹಣ, ಬಂಗಾರ, ವ್ಯಾಪಾರದ ಸರಕು ಇವೆಲ್ಲ ನಿಗದಿಯಾದ ಮಿತಿಯನ್ನು ದಾಟಿ ಒಂದು ಚಾಂದ್ರ ವರ್ಷ ಕೈಯಲ್ಲಿ ನಿಂತರೆ, ಮುಸ್ಲಿಮರು ಅದರ ನಲವತ್ತರಲ್ಲಿ ಒಂದು ಪಾಲನ್ನು ಬಡವರಿಗೆ ಸಲ್ಲಿಸಲೇಬೇಕು. ಮನಸ್ಸು ಬಂದರೆ ಕೊಡುವ, ಬಾರದಿದ್ದರೆ ಬಿಡುವ ಮಾತಲ್ಲ ಅದು. ಬಡವರ ಹಕ್ಕು.

ಯಜಮಾನ ಕೊಡುವುದರಲ್ಲಿ ಹಿಂದೆ ಬಿದ್ದವನಲ್ಲ. ಲೆಕ್ಕ ಹಾಕಿ, ಆ ಮೊತ್ತಕ್ಕೆಲ್ಲ ಹೊಸ ಸ್ಪಂಜಿನ ಹಾಸಿಗೆಗಳನ್ನೇ ತೆಗೆದಿಟ್ಟು, ಬಂದವರ ಹೆಗಲ ಮೇಲೆ ಒಂದೊಂದನ್ನು ಹೊರಿಸಿ ಕಳಿಸುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಖಾಲಿ. ಕೈ ಕೊಡವಿಕೊಂಡು ಕುರ್ಚಿಯಲ್ಲಿ ಕೂತ. ತಲೆಯ ಮೇಲಿನ ಭಾರ ಇಳಿದ ಹಾಗಾಗಿತ್ತು.

ಆ ಹೊತ್ತಿಗೆ ಸರಿಯಾಗಿ ಅವನ ಅಕ್ಕ ಬಂದಳು. ಬಡಾವಣೆಯ ಚಿಕಿತ್ಸಾಲಯದಲ್ಲಿ ದಾದಿ. ಮನೆ ಮನೆ ಸುತ್ತಿ ಬಾಣಂತಿಯರನ್ನೂ ಹಾಸಿಗೆ ಹಿಡಿದವರನ್ನೂ ನೋಡುವ ಕೆಲಸ. ತಮ್ಮನಿಗೆ ವಯಸ್ಸು ಐವತ್ತರ ಹತ್ತಿರ ಬಂದರೂ ಅವಳ ಬಾಯಲ್ಲಿ ಅವನು ಇನ್ನೂ 'ಅರಳೆ'ಯೇ. ಚಿಕ್ಕವನಿದ್ದಾಗ ಅಪ್ಪ ಹಿಂಜುತ್ತಿದ್ದ ಹತ್ತಿಯ ರಾಶಿಯಲ್ಲಿ ಹೊರಳಾಡಿ, ತಲೆತುಂಬ ಅರಳೆ ಮೆತ್ತಿಕೊಂಡು ಊಟಕ್ಕೆ ಬರುತ್ತಿದ್ದನಲ್ಲ, ಅಂದು ಅಂಟಿದ ಹೆಸರು.

"ಏನೋ ಅರಳೆ, ಮುಗೀತಾ?"

"ಮುಗೀತಕ್ಕ. ಒಂದೂ ಉಳಿದಿಲ್ಲ ನೋಡು."

"ಯಾರಿಗೆ ಕೊಟ್ಟೆ?"

"ಇದೊಳ್ಳೆ ಪ್ರಶ್ನೆ! ಬಂದವರಿಗೆ ಕೊಟ್ಟೆ."

"ಬರದೇ ಇದ್ದವರಿಗೆ?"

"ಬರಲಿಲ್ಲ ಅಂದ್ರೆ ಬೇಕಾಗಿಲ್ಲ ಅಂತ ತಾನೇ ಅರ್ಥ? ಹಸಿವಾದವನು ಬಾಯಿ ಬಿಡ್ತಾನೆ."

ಅಕ್ಕ ಚೀಲ ಕೆಳಗಿಟ್ಟಳು. "ಹೌದಪ್ಪ, ಬಾಯಿದ್ದವನು ಬರಗಾಲದಲ್ಲೂ ಬದುಕ್ತಾನೆ. ಬಾಯಿ ಇಲ್ಲದವರ ಕಥೆ ಏನು? ಇದೇ ಬೀದಿಯಲ್ಲಿ ಒಂದು ಮನೆ ಇದೆ. ಆ ಮನೆಯಲ್ಲಿ ಮಲಗಿರೋರನ್ನ ಬೇಗ ದೊಡ್ಡಾಸ್ಪತ್ರೆಗೆ ಸೇರಿಸಲಿಲ್ಲ ಅಂದ್ರೆ ಜೀವ ಉಳಿಯೋದು ಕಷ್ಟ. ಕೈಯಲ್ಲಿ ಬಿಡಿಗಾಸಿಲ್ಲ."

"ಅಯ್ಯೋ, ಯಾರಕ್ಕ ಅದು? ಹೇಳು, ಕಳಿಸಿಕೊಡ್ತೀನಿ."

"ಅದೇ ಹೇಳೋ ಹಾಗಿಲ್ಲ. ಯಾರಿಗೂ ಬಾಯಿಬಿಡಬೇಡ ಅಂತ ಮಾತು ತಗೊಂಡಿದ್ದಾರೆ. ರೋಗಿ ಮನೆ ಗುಟ್ಟು ಬೀದಿಗೆ ತರೋದು ನನ್ನ ಕೆಲಸಕ್ಕೂ ಒಪ್ಪೋದಲ್ಲ. ಒಂದು ಸಲ ನನ್ನ ಸಂಬಳದಲ್ಲಿ ಮಾತ್ರೆ ಕೊಂಡು ಹೋದೆ. 'ಇದು ಸರ್ಕಾರದ್ದು ತಾನೇ, ನಿನ್ನದಲ್ಲ ತಾನೇ?' ಅಂತ ನಾಲ್ಕು ಸಲ ಕೇಳಿದ್ರು. ಅಂಥ ಸ್ವಾಭಿಮಾನ."

"ಹಾಗಾದ್ರೆ ನಾನೇನು ಮಾಡ್ಲಿ? ಕನಸು ಕಾಣ್ಲಾ?"

"ನಮ್ಮಪ್ಪನಿಗೆ ಹೇಗೆ ಗೊತ್ತಾಗ್ತಿತ್ತೋ? ಅವರ ಹತ್ರ ಯಾರು ಸಾಲು ನಿಂತಿದ್ರು?" ಎಂದವಳೇ ಅಕ್ಕ ಚೀಲ ಎತ್ತಿಕೊಂಡು ಹೊರಟುಹೋದಳು.

ಯಜಮಾನನಿಗೆ ಸಿಟ್ಟು ಬಂತು. ಕೊಟ್ಟಿದ್ದಕ್ಕೆ ಭೇಷ್ ಅನ್ನುವುದು ಬಿಟ್ಟು ಇವಳದೊಂದು ತಕರಾರು! ಆದರೂ ಆ ಮಾತು ಮುಳ್ಳಿನಂತೆ ಒಳಗೇ ಉಳಿಯಿತು. ಯಾವ ಮನೆ? ಮೂಲೆಯ ಬೀಗ ರಿಪೇರಿಯವನದೇ? ಅವನು ನಿನ್ನೆ ತಾನೇ ನಗುತ್ತ ಹೋದನಲ್ಲ. ಕೊನೆಗೆ, ನನಗೇಕೆ ಊರ ಉಸಾಬರಿ ಎಂದು ಸುಮ್ಮನಾದ.

ಅದೇ ವಾರ ಅಂಗಡಿಗೊಂದು ಹಳೆ ಕಪಾಟು ಬೇಕೆಂದು ಯಜಮಾನ ಹಳೆ ಸಾಮಾನಿನ ಸಂತೆಗೆ ಹೋದ. ಕಾಲು ಮುರಿದ ಮೇಜು, ಕನ್ನಡಿ ಒಡೆದ ಬೀರು, ಬಾಗಿಲಿಲ್ಲದ ಫ್ರಿಜ್ಜು. ಅವುಗಳ ನಡುವೆ ಹಾಸಿಗೆಗಳ ರಾಶಿ. ನೋಡಿದರೆ ಅವನ ಅಂಗಡಿಯವೇ! ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಯಾರೂ ಬಿಚ್ಚಿರಲಿಲ್ಲ.

"ಇವೆಲ್ಲ ಎಲ್ಲಿಂದ ಬಂತಪ್ಪಾ?"

ಸಂತೆಯವನು ಹಲ್ಲು ಕಿರಿದ. "ನಿಮ್ಮ ಕೃಪೆ ಯಜಮಾನ್ರೆ! ಪ್ರತಿ ವರ್ಷ ನೀವು ಹಂಚಿದ ವಾರವೇ ಬರ್ತವೆ. ನಿಮ್ಮ ಹೆಸರು ಹೇಳ್ಕೊಂಡು ನಾಲ್ಕು ಕಾಸು ನೋಡ್ತೀನಿ."

"ಥೂ! ನಾನು ದೇವರ ಹೆಸರಲ್ಲಿ ಕೊಟ್ಟರೆ ಮಾರ್ಕೊಂಡಿದ್ದಾರಲ್ಲ, ಕಳ್ಳರು!"

"ಕೆಲವರು ಹಾಗೇ ಬಿಡಿ, ವರ್ಷ ವರ್ಷ ಮನೆ ಮಂದಿಯನ್ನೆಲ್ಲ ಸಾಲಲ್ಲಿ ನಿಲ್ಲಿಸ್ತಾರೆ. ಆದರೆ ಎಲ್ಲರನ್ನೂ ಬಯ್ಯಬೇಡಿ. ಒಬ್ಬಳು ಅಳ್ತಾನೇ ಮಾರಿದ್ಲು. ಮಕ್ಕಳ ಹೊಟ್ಟೆಗೆ ಬೇಕು, ಮೆತ್ತನೆ ಹಾಸಿಗೆ ತಗೊಂಡು ಏನು ಮಾಡಲಿ ಅಂದ್ಲು. ಹಸಿದವರಿಗೆ ನಿದ್ದೆ ಸಾಮಾನು ಕೊಟ್ರೆ ಇನ್ನೇನಾಗುತ್ತೆ ಹೇಳಿ."

ಅಷ್ಟೂ ವರ್ಷ ಕೊಟ್ಟದ್ದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತಲ್ಲ ಎಂದುಕೊಳ್ಳುತ್ತ ಯಜಮಾನ ಮುಖ ತಿರುಗಿಸಿದ. ಆಗ ಕಂಡಿತು, ರಾಶಿಯ ಬುಡದಲ್ಲಿದ್ದ ಇನ್ನೊಂದು ಹಾಸಿಗೆ. ಹಳೆಯದು, ಹತ್ತಿಯದು, ನೀಲಿ ಪಟ್ಟೆಯ ಬಟ್ಟೆ ಮಾಸಿ ಬೂದಿಯಾಗಿತ್ತು. ಅದರ ಮೂಲೆಯಲ್ಲಿ ಕೆಂಪು ದಾರದ ಗಂಟು.

ಆ ಗಂಟು ಅವನಪ್ಪನದು. ಅಪ್ಪನ ಕೈಯಿಂದ ಹೊರಟ ಪ್ರತಿ ಹಾಸಿಗೆಗೂ ಮೂಲೆಯಲ್ಲಿ ಕೆಂಪು ದಾರದ ಮೂರೆಳೆ ಗಂಟು ಇರುತ್ತಿತ್ತು. ನೀಲಿ ಪಟ್ಟೆಯ ಈ ಹಾಸಿಗೆಯಂತೂ ಅವನಿಗೆ ಚೆನ್ನಾಗಿ ನೆನಪಿತ್ತು. ಸೂಜಿ ಅತ್ತೆಯ ಮದುವೆಗೆ ಅಪ್ಪ ಮಾಡಿಕೊಟ್ಟದ್ದು.

ಸೂಜಿ ಅತ್ತೆ ಎಂದರೆ ಸ್ವಂತ ಅತ್ತೆಯಲ್ಲ. ಅಪ್ಪನ ಕಾಲದಲ್ಲಿ ಹಾಸಿಗೆಯ ಗವಸು ಹೊಲಿಯುತ್ತಿದ್ದವರು. ಆ ದಿನಗಳೇ ಬೇರೆ ಬಿಡಿ. ಹಿಂದಿನ ಕೋಣೆಯಲ್ಲಿ ಅಪ್ಪ ಬಿಲ್ಲು ಹಿಡಿದು ಹತ್ತಿ ಹಿಂಜುತ್ತಿದ್ದರು. ಬಿಲ್ಲಿಗೆ ಕಟ್ಟಿದ ನರದ ಹಗ್ಗಕ್ಕೆ ಮರದ ಹಿಡಿಯಿಂದ ಒಂದೊಂದು ಪೆಟ್ಟು ಬಿದ್ದಾಗಲೂ 'ಟಂಯ್, ಟಂಯ್' ಎಂದು ಬೀದಿಗೆಲ್ಲ ಕೇಳುತ್ತಿತ್ತು. ಕಿಟಕಿಯ ಬಿಸಿಲಿನಲ್ಲಿ ಅರಳೆ ಹಾರುತ್ತಿತ್ತು, ಅಪ್ಪನ ಹುಬ್ಬು ಬೆಳ್ಳಗಾಗಿರುತ್ತಿತ್ತು. ಅತ್ತೆ ದಬ್ಬಣವನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ನಗುತ್ತಿದ್ದರು. ಅಂಗಡಿಗೆಲ್ಲ ಬಿಸಿಲಿಗೆ ಕಾದ ಹತ್ತಿಯ ವಾಸನೆ. ಈಗಿನ ಸ್ಪಂಜಿಗೆ ಅಂಗಡಿಯ ವಾಸನೆ ಮಾತ್ರ ಇದೆ, ಮನೆಯ ವಾಸನೆ ಇಲ್ಲ.

ಯಜಮಾನ ಕಪಾಟು ಮರೆತ. ಆ ಹಾಸಿಗೆಯನ್ನೇ ಕೊಂಡು ಮನೆಗೆ ತಂದ. ಹೆಂಡತಿ ಮೂಗಿಗೆ ಸೆರಗು ಹಿಡಿದಳು.

"ಕಪಾಟು ತರ್ತೀನಿ ಅಂತ ಹೋಗಿ ಈ ಧೂಳಿನ ಮೂಟೆ ತಂದಿದ್ದೀರಲ್ಲ, ಹಾಸಿಗೆ ಮಾರೋನ ಮನೇಲಿ ಹಾಸಿಗೆಗೆ ಬರವಾ?"

"ಇದು ಸೂಜಿ ಅತ್ತೇದು ಕಣೆ. ಸಂತೆಯಲ್ಲಿ ಬಿದ್ದಿತ್ತು."

ಹೆಂಡತಿಯ ಕೈಯಲ್ಲಿದ್ದ ಸೆರಗು ಜಾರಿತು. "ಅಯ್ಯೋ, ರೀ... ನಿಮ್ಮ ಝಕಾತ್ ದಿನ ಅತ್ತೆ ಬಂದಿದ್ರು. ನಾನು ಮಹಡಿಯಿಂದ ನೋಡಿದೆ. ಬೀದಿ ತಿರುವಿನ ತನಕ ಬಂದು, ಸಾಲು ನೋಡ್ಕೊಂಡು ಸುಮಾರು ಹೊತ್ತು ನಿಂತಿದ್ರು. ಆಮೇಲೆ ತಿರುಗಿ ಹೊರಟುಹೋದ್ರು. ಏನೋ ಸಾಮಾನು ತರೋಕೆ ಬಂದಿರಬೇಕು ಅಂದ್ಕೊಂಡೆ."

ಯಜಮಾನ ಹಾಸಿಗೆಯನ್ನು ನೆಲದ ಮೇಲೆ ಹರಡಿದ. ಕತ್ತರಿ ತಂದು ಹಾಸಿಗೆಯ ಹೊಲಿಗೆ ಬಿಚ್ಚಿದ. ಒಳಗೆ ಕೈಹಾಕಿದರೆ ಹತ್ತಿಯೇ ಇಲ್ಲ! ಬರೀ ಚಿಂದಿ. ಹರಿದ ಸೀರೆಯ ತುಂಡು, ಅಂಗಿಯ ತೋಳು, ಹಳೆ ಕಾಲುಚೀಲ. ಅಲ್ಲೊಂದು ಇಲ್ಲೊಂದು ಹಿಡಿ ಅರಳೆ ಅಂಟಿಕೊಂಡಿತ್ತು ಅಷ್ಟೆ.

ಚಿಂದಿ ಹಿಡಿದ ಕೈ ಅಲ್ಲಿಯೇ ನಿಂತಿತು. ಇಂಥದ್ದನ್ನು ಅವನು ಹಿಂದೆಯೂ ನೋಡಿದ್ದ. ಚಿಕ್ಕವನಿದ್ದಾಗ ಒಂದು ದಿನ ಅಪ್ಪ ಯಾರದೋ ಹಾಸಿಗೆ ಬಿಚ್ಚಿದಾಗಲೂ ಹೀಗೇ ಚಿಂದಿ ಸುರಿದಿತ್ತು. ಇವನು ಚಪ್ಪಾಳೆ ತಟ್ಟಿ ನಕ್ಕಿದ್ದ. ಅಪ್ಪ ಬಾಯಿಗೆ ಬೆರಳಿಟ್ಟು ಸುಮ್ಮನಿರಿಸಿ, ಚಿಂದಿ ತೆಗೆದು, ಹೊಸ ಹತ್ತಿ ಹಿಂಜಿ ತುಂಬಿ, ಗಂಟು ಹಾಕಿದ್ದರು. ಆಮೇಲೆ ಹೇಳಿದ್ದರು: "ಹಾಸಿಗೆ ಹೊಟ್ಟೆ ಬಿಚ್ಚಿದ್ರೆ ಮನೆಯ ಹೊಟ್ಟೆ ಕಾಣುತ್ತೆ ಮಗಾ. ಕಂಡಿದ್ದನ್ನ ಬಾಯಿ ಆಡಬಾರದು, ಕೈ ಆಡಬೇಕು." ಆ ಸಂಜೆ ಹಾಸಿಗೆ ತಲುಪಿಸಲು ಹೋದ ಅಪ್ಪ ಯಾಕೋ ತುಂಬ ಹೊತ್ತು ಬಂದಿರಲಿಲ್ಲ.

ಸಾಲಿಲ್ಲದೆ ಅಪ್ಪನಿಗೆ ಹೇಗೆ ಗೊತ್ತಾಗುತ್ತಿತ್ತು ಎಂದು ಅಕ್ಕ ಕೇಳಿದ್ದಳಲ್ಲ. ಉತ್ತರ ಈಗ ಅವನ ಮಡಿಲಲ್ಲೇ ಬಿದ್ದಿತ್ತು. ಹತ್ತಿ ಬಿಟ್ಟು ಸ್ಪಂಜು ಹಿಡಿದ ಮೇಲೆ ಅವನು ಯಾರ ಹಾಸಿಗೆಯನ್ನೂ ಬಿಚ್ಚಿರಲಿಲ್ಲ, ಯಾರ ಮನೆಯ ಒಳಕೋಣೆಯನ್ನೂ ನೋಡಿರಲಿಲ್ಲ. ಅಂಗಡಿ ದೊಡ್ಡದಾಗಿತ್ತು, ಅವನ ಊರು ಅಂಗಡಿಯ ಹೊಸ್ತಿಲಿನಷ್ಟೇ ಆಗಿತ್ತು.

ಅವತ್ತೇ ಅಕ್ಕನ ಮನೆಗೆ ಓಡಿದ. "ಅಕ್ಕ, ಸೂಜಿ ಅತ್ತೆ ಮನೆ ತಾನೇ? ನೀನು ಹೇಳಬೇಡ. ನಾನೇ ಹೇಳ್ತಿದ್ದೀನಿ."

ಅಕ್ಕ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಕಣ್ಣು ಮಾತ್ರ ತುಂಬಿಕೊಂಡಿತು. "ಹೋಗಿ ನೋಡ್ಕೊಂಡು ಬಾ. ನೆಂಟನ ಹಾಗೆ ಹೋಗು, ತನಿಖೆಗೆ ಬಂದವನ ಹಾಗೆ ಹೋಗಬೇಡ."

ಅತ್ತೆ ಬಾಗಿಲಲ್ಲೇ ಮುಖ ಅರಳಿಸಿದರು. ಮುಂದಿನ ಕೋಣೆ ಒಪ್ಪವಾಗಿತ್ತು. ತೊಳೆದ ನೆಲ, ಮಡಚಿದ ಬಟ್ಟೆ. "ಕೂತ್ಕೋ ಮಗಾ. ನಾವು ಚೆನ್ನಾಗಿದ್ದೀವಿ. ನಿಮ್ಮ ಮಾವನಿಗೆ ಸ್ವಲ್ಪ ಸೊಂಟ ಹಿಡ್ಕೊಂಡಿದೆ ಅಷ್ಟೆ." ಒಳಗಿನಿಂದ ನರಳುವ ಸದ್ದು ಬಂತು. "ಮಾವನ್ನ ಮಾತಾಡಿಸದೆ ಹೋದ್ರೆ ಬಯ್ಯಲ್ವಾ ಅತ್ತೆ?" ಎಂದು ಯಜಮಾನ ಒಳಗೆ ಹೋದ. ಬರೀ ಹಲಗೆಯ ಮಂಚ. ಮಾವ ಮಗ್ಗುಲಾಗಿ ಮಲಗಿದ್ದರು. ಬೆನ್ನಿನ ಹುಣ್ಣಿಗೆ ಒತ್ತು ತಾಗದಂತೆ ಸುತ್ತ ಸಣ್ಣ ಸಣ್ಣ ದಿಂಬುಗಳಿದ್ದವು. ಹಾಸಿಗೆಯ ಹತ್ತಿ ಎಲ್ಲಿ ಹೋಯಿತೆಂದು ಅವನು ಕೇಳಬೇಕಾಗಲಿಲ್ಲ. ಹಿಡಿ ಹಿಡಿಯಾಗಿ ತೆಗೆದು ಅತ್ತೆ ಗಂಡನ ಬೆನ್ನಿಗೆ ಕೊಟ್ಟಿದ್ದರು. ಕೊನೆಗೆ, ಹತ್ತಿಯ ಜಾಗಕ್ಕೆ ಚಿಂದಿ ತುಂಬಿ ಮಲಗುತ್ತಿದ್ದ ಆ ಹಾಸಿಗೆಯನ್ನೂ ಮಾತ್ರೆಗಾಗಿ ಸಂತೆಯಲ್ಲಿ ಮಾರಿದ್ದರು. ಯಜಮಾನನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಹೊರಗೆ ಬಂದವನೇ ಮತ್ತೆ ಅಕ್ಕನ ಮನೆಗೆ ಹೋಗಿ ಅವಳ ಮುಂದೆ ಕೂತ. "ದೀಪದ ಬುಡದಲ್ಲೇ ಕತ್ತಲೆ ಅಂತಾರಲ್ಲ ಅಕ್ಕ, ಹಾಗಾಯ್ತು. ಆದರೆ ಈ ವರ್ಷದ್ದೆಲ್ಲ ಕೊಟ್ಟು ಮುಗಿಸಿಬಿಟ್ಟೆನಲ್ಲ!"

"ಮುಂದಿನ ವರ್ಷದ್ದನ್ನ ಮುಂಚೆಯೇ ಕೊಡಬಹುದು ಕಣೋ. ತಿಳಿದವರನ್ನ ಕೇಳಿಯೇ ಹೇಳ್ತಿದ್ದೀನಿ. ನಿನಗೆ ಅನುಮಾನ ಇದ್ರೆ ನೀನೂ ಮಸೀದಿಗೆ ಹೋಗಿ ಕೇಳು."

"ಅವರಿಗೆ ಸ್ವಂತ ಮನೆ ಇದೆಯಲ್ಲ? ಸಲ್ಲುತ್ತಾ?"

"ತಲೆ ಮೇಲೊಂದು ಸೂರಿದ್ರೆ ಶ್ರೀಮಂತರಾಗಿಬಿಡ್ತಾರಾ? ಗೋಡೆ ಬೇಯಿಸ್ಕೊಂಡು ತಿನ್ನೋಕಾಗುತ್ತಾ? ಇರೋ ಮನೆ, ಉಡೋ ಬಟ್ಟೆ ಲೆಕ್ಕಕ್ಕೆ ಬರಲ್ಲ. ದುಡಿಮೆ ಇಲ್ಲ, ಕೂಡಿಟ್ಟಿದ್ದಿಲ್ಲ, ಕಾಯಿಲೆ ಬಿದ್ದಿದ್ದಾರೆ. ಅವರಿಗಲ್ಲದೆ ಇನ್ಯಾರಿಗೆ ಸಲ್ಲುತ್ತೆ?"

"ಇದು ಝಕಾತ್ ಅಂತ ಹೇಳಿದ್ರೆ ಅತ್ತೆ ಬಾಗಿಲು ಹಾಕ್ಕೊಳ್ತಾರೆ."

"ಹೇಳಲೇಬೇಕು ಅಂತಿಲ್ಲ. ಕೊಡೋನ ಮನಸ್ಸಿನಲ್ಲಿ ಆ ಸಂಕಲ್ಪ ಇದ್ರೆ ಸಾಕು. ತಗೊಳ್ಳೋರ ತಲೆ ತಗ್ಗಿಸಬೇಕಾ? ಇನ್ನೊಂದು ಮಾತು. ಈ ಸಲ ಹಾಸಿಗೆ ಹೊರಿಸಬೇಡ, ಹಣವಾಗಿ ಕೊಡು. ಅವರಿಗೇನು ಬೇಕು ಅಂತ ಅವರಿಗೆ ಗೊತ್ತು."

"ಹಣ ಕೊಡ್ತೀನಿ. ಹಾಸಿಗೇನೂ ಕೊಡ್ತೀನಿ. ಹಾಸಿಗೆ ಝಕಾತ್‌ ಲೆಕ್ಕಕ್ಕಲ್ಲ. ಅದು ಅವರದೇ" ಎಂದ ಯಜಮಾನ.

ಅವತ್ತು ಅಟ್ಟ ಹತ್ತಿ ಅಪ್ಪನ ಬಿಲ್ಲು ಇಳಿಸಿದ. ಹಗ್ಗ ಸಡಿಲವಾಗಿತ್ತು, ಬಿಗಿದ. ಮೊದಲ ಪೆಟ್ಟಿಗೆ 'ಟಂಯ್' ಅನ್ನುವ ಬದಲು 'ಟುಸ್' ಎಂದಿತು. ಹೆಂಡತಿ ನಕ್ಕಳು. "ನಿಮ್ಮ ಕೈಗೆ ಸ್ಪಂಜೇ ಸರಿ ಬಿಡಿ!" ಆದರೆ ಹಾಡು ಮರೆತರೂ ರಾಗ ಮರೆಯುವುದಿಲ್ಲ. ಸ್ವಲ್ಪ ಹೊತ್ತಿಗೆ ಹಗ್ಗ ಮಾತಾಡತೊಡಗಿತು. ಟಂಯ್, ಟಂಯ್. ಬೀಗ ರಿಪೇರಿಯವನು ಕೆಲಸ ಬಿಟ್ಟು ಹೊರಗೆ ಬಂದ. ಊರುಗೋಲಿನ ಅಜ್ಜಿ ಕಿಟಕಿಯಿಂದ ಇಣುಕಿ, "ಹಿರಿಯ ಯಜಮಾನ್ರು ಎದ್ದು ಬಂದ್ರೇನೋ!" ಎಂದಳು. ಅರಳೆ ಎದ್ದು ಯಜಮಾನನ ಹುಬ್ಬಿಗೆ ಕೂತಿತು. ಅವನ ಕಣ್ಣು ಒದ್ದೆಯಾಗಿತ್ತು, ಹತ್ತಿಯ ಧೂಳು ಎಂದು ಹೇಳಿ ಒರೆಸಿಕೊಂಡ.

ಹೊಸ ಹತ್ತಿ ತುಂಬಿ ಮತ್ತೆ ಹೊಲಿದ ಹಾಸಿಗೆ ಹೊತ್ತು ಅಕ್ಕನ ಜೊತೆ ಅತ್ತೆಯ ಮನೆಗೆ ಹೋದ. ಮಂಚದ ಮೇಲೆ ಹಾಸಿ, ಇಬ್ಬರೂ ಸೇರಿ ಮಾವನನ್ನು ಮೆಲ್ಲಗೆ ಮಲಗಿಸಿದರು. ಎಷ್ಟೋ ದಿನಗಳ ಮೇಲೆ ಮಾವ "ಹಾ" ಎಂದು ನೆಮ್ಮದಿಯ ಉಸಿರು ಬಿಟ್ಟರು. ಅತ್ತೆ ಮೂಲೆ ಮುಟ್ಟಿ ನೋಡಿದರು. ಹೊಸ ಕೆಂಪು ದಾರ, ಮೂರೆಳೆ ಗಂಟು.

"ಇದು ನಿಮ್ಮಪ್ಪನ ಗಂಟಲ್ವಾ? ನೀನು ಯಾವಾಗ ಕಲಿತೆ?"

"ನಿಮ್ಮ ಮಡಿಲಲ್ಲಿ ಕೂತು ನೋಡಿದ್ದು ಅತ್ತೆ. ಕೈ ಮರೆತಿರಲಿಲ್ಲ. ನಾನೇ ಮರೆತಿದ್ದೆ."

ಆಮೇಲೆ ಯಜಮಾನ ಒಂದು ಬಟ್ಟೆಯ ಚೀಲ ಅವರ ಕೈಗಿಟ್ಟ. ದೊಡ್ಡಾಸ್ಪತ್ರೆಯ ಖರ್ಚಿಗೂ ಮುಂದಿನ ತಿಂಗಳುಗಳಿಗೂ ಆಗುವಷ್ಟು ಅದರಲ್ಲಿತ್ತು. ಅತ್ತೆಯ ಮುಖ ಗಟ್ಟಿಯಾಯಿತು.

"ಇದೇನು ಮಗಾ? ನಾನು ಯಾರನ್ನೂ ಕೇಳಲಿಲ್ಲವಲ್ಲ."

"ನೀವು ಕೇಳಲಿಲ್ಲ ಅತ್ತೆ. ನಾನು ನಿಮ್ಮನ್ನ ಕೇಳಬೇಕಿತ್ತು, ಕೇಳಲಿಲ್ಲ. ಇದು ನನ್ನದಲ್ಲ. ನಿಮ್ಮದೇ, ನನ್ನ ಹತ್ರ ಉಳಿದುಬಿಟ್ಟಿತ್ತು. ತಂದು ಒಪ್ಪಿಸ್ತಿದ್ದೀನಿ."

ಅತ್ತೆ ಅವನನ್ನೇ ನೋಡಿದರು. ಗಟ್ಟಿಯಾಗಿದ್ದ ಮುಖ ಕರಗಿತು. "ನನ್ನ ಮಗು ತೀರಿಕೊಂಡ ವರ್ಷ ನಿಮ್ಮಪ್ಪ ಇದೇ ಬಾಗಿಲಲ್ಲಿ ನಿಂತು ಇದೇ ಮಾತು ಹೇಳಿದ್ರು ಕಣೋ. 'ನಿಂದೇ ಕಣಮ್ಮ, ನನ್ನ ಹತ್ರ ಉಳಿದಿತ್ತು' ಅಂತ. ಆ ಮಾತು ಅವರ ಜೊತೆ ಹೋಯ್ತು ಅಂದ್ಕೊಂಡಿದ್ದೆ." ಅಷ್ಟು ಹೇಳಿ ಅತ್ತೆ ಬಿಕ್ಕಿ ಬಿಕ್ಕಿ ಅತ್ತರು. ಅಕ್ಕ ಅವರ ಬೆನ್ನು ಸವರುತ್ತ, "ಅಳೋದು ಆಮೇಲೆ, ಆಸ್ಪತ್ರೆಗೆ ಹೋಗೋ ಗಾಡಿ ಬಂದಿದೆ, ಮಾವನ ಬಟ್ಟೆ ಎತ್ತಿಡಿ" ಎಂದು ತಾನೂ ಅತ್ತಳು.

ಮಾವ ಉಳಿದರು. ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದು ಆಸ್ಪತ್ರೆಯವರು ಹೇಳಿದರು. ಈಗ ಗೋಡೆ ಹಿಡಿದು ನಡೆಯುತ್ತಾರೆ, ಅಂಗಳಕ್ಕೆ ಬಂದು ಬೀಗದವನ ಜೊತೆ ಜಗಳವಾಡುವಷ್ಟು ಗಟ್ಟಿಯಾಗಿದ್ದಾರೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಹಳೆ ಹಾಸಿಗೆ ಹಿಂಜಿ ಹೊಲಿಯುವ ಕೆಲಸ ಮತ್ತೆ ಶುರುವಾಗಿದೆ. ಅತ್ತೆ ದಬ್ಬಣ ಕಚ್ಚಿಕೊಂಡು ನಗುತ್ತಾರೆ. ಅವರಿಗೆ ಕೂಲಿ ಗೊತ್ತುಮಾಡಿದ ದಿನವೇ ಅಕ್ಕ ತಮ್ಮನಿಗೆ ಎಚ್ಚರಿಸಿದ್ದಳು: "ದುಡಿದವರ ಕೂಲಿ ಬೇರೆ, ಝಕಾತ್ ಬೇರೆ. ಅದನ್ನ ಇದಕ್ಕೆ ಸೇರಿಸಿದೆಯೋ, ಕಿವಿ ಹಿಂಡ್ತೀನಿ!"

ಮುಂದೆ ಕೊಡುವ ದಿನ ಬಂದಾಗ ಅಂಗಡಿಯ ಮುಂದೆ ಸಾಲಿರಲಿಲ್ಲ. ಯಜಮಾನನೇ ಮನೆಗಳಿಗೆ ಹೋದ. ಸಂತೆಯಲ್ಲಿ ಅಳುತ್ತ ಹಾಸಿಗೆ ಮಾರಿದವಳನ್ನು ಹುಡುಕಿ ಹೋದ. ಬೀಗದವನ ವಿಧವೆ ತಂಗಿಯ ಮನೆಗೆ ಹೋದ. ಊರುಗೋಲಿನ ಅಜ್ಜಿಯ ಹತ್ತಿರ ಹೋದಾಗ ಅವಳು, "ಬಿಸಿಲಲ್ಲಿ ಕೂರೋಕೆ ಇವತ್ತು ಬರಬೇಕೇನೋ ಅಂತಿದ್ದೆ" ಎಂದು ಬೊಚ್ಚುಬಾಯಿ ತೆರೆದು ನಕ್ಕಳು.

ಇದನ್ನು ಓದಿದ, ಕೇಳಿದ ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ, ಕೊಡುವವರು ನೀವು ಕೊಡುತ್ತಲೇ ಇದ್ದೀರಿ. ಕೊಟ್ಟದ್ದು ಎಲ್ಲಿಗೆ ತಲುಪಿತು ಎಂದೂ ಒಮ್ಮೆ ನೋಡಿ. ಸಾಲಿನಲ್ಲಿ ನಿಂತವರೆಲ್ಲ ಸುಳ್ಳರಲ್ಲ, ನಿಲ್ಲದವರೆಲ್ಲ ಉಳ್ಳವರೂ ಅಲ್ಲ. ನಿಮ್ಮ ಒಡಹುಟ್ಟಿದವರಲ್ಲಿ, ನೆಂಟರಲ್ಲಿ, ಪಕ್ಕದ ಮನೆಯಲ್ಲಿ, ಒಂದು ಕಾಲಕ್ಕೆ ನಿಮ್ಮ ಜೊತೆ ದುಡಿದವರಲ್ಲಿ ಯಾರ ದನಿ ಈಚೆಗೆ ಕೇಳುತ್ತಿಲ್ಲ ಎಂದು ನೆನಪು ಮಾಡಿಕೊಳ್ಳಿ. ನಿಮಗೆ ತಿಳಿಯದಿದ್ದರೆ ಮನೆ ಮನೆ ತಿರುಗುವ ದಾದಿಯನ್ನೋ, ಶಾಲೆಯ ಮೇಷ್ಟ್ರನ್ನೋ, ವಿಚಾರಿಸಿ ಹಂಚುವ ನಂಬಿಕಸ್ಥ ಸಮಿತಿಯನ್ನೋ ಮುಂದಿಟ್ಟುಕೊಂಡು ಅವರ ಕೈಯಿಂದಲೇ ತಲುಪಿಸಿ. ಹೆಸರು ನಿಮಗೆ ತಿಳಿಯಬೇಕೆಂದಿಲ್ಲ. ಬೇಕಾದದ್ದನ್ನು ಕೊಡಿ, ಮರ್ಯಾದೆ ಉಳಿಸಿ ಕೊಡಿ.

ನಿಮ್ಮ ಬೀದಿಯಲ್ಲೂ ಒಬ್ಬರು ತಿರುವಿನ ತನಕ ಬಂದು, ನಿಂತು, ಹಿಂತಿರುಗಿ ಹೋಗಿರುತ್ತಾರೆ. ಈ ಸಲ ಅವರು ಬರುವ ತನಕ ಕಾಯಬೇಡಿ. ಅವರದು ನಿಮ್ಮ ಹತ್ತಿರ ಉಳಿದಿದೆ, ನೀವೇ ಎದ್ದು ಹೋಗಿ ಒಪ್ಪಿಸಿ ಬನ್ನಿ.